ಅಕ್ಕನ ನವೆ ಚರ್ಮದ್ದಾ, ಮನಸ್ಸಿನದ್ದಾ?

ಪ್ರಶ್ನೆ, ಮೂಡಿಗೆರೆಯಿಂದ: ಮೇಡಂ, ನಮ್ಮಕ್ಕನಿಗೆ ಕತ್ತಿನ ಹಿಂದೆ, ಕಾಲಿನ ಗಿಣ್ಣಿನ ಹತ್ತಿರ ಚರ್ಮ ದಪ್ಪ ಆಗಿ ಕಪ್ಪಾಗಿದೆ. ಹಗಲು ತೋಟದ ಕೆಲಸದಲ್ಲಿ ಗೊತ್ತೇ ಆಗಲ್ಲ, ರಾತ್ರಿ ಮಲಗಿದರೆ ಸಾಕು, ಪರಪರ ಕೆರೆದುಕೊಳ್ಳುತ್ತಾಳೆ, ಬೆಳಗ್ಗೆ ನೋಡಿದರೆ ದಿಂಬಿನ ಮೇಲೆ ರಕ್ತದ ಕಲೆ. ಕಳೆದ ಮಳೆಗಾಲ ಮೆಣಸಿನ ಬಳ್ಳಿ ಸೊರಗಿ ಹೋಯಿತು, ಮೇಲೆ ಸಾಲ, ಆಗಿನಿಂದ ಶುರು. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದರೆ ಕಮ್ಮಿ, ಬಿಟ್ಟರೆ ಮತ್ತೆ ಅದೇ. ಹಾಸನದ ಡಾಕ್ಟರು ನಿದ್ದೆ, ಬೇಜಾರು ಎಲ್ಲ ಕೇಳಿದ್ದಕ್ಕೆ "ನನಗೇನು ತಲೆ ಕೆಟ್ಟಿದೆಯಾ" ಅಂತ ಸಿಟ್ಟು ಮಾಡಿಕೊಂಡಿದ್ದಾಳೆ. ಚರ್ಮಕ್ಕೂ ಮನಸ್ಸಿಗೂ ನಿಜವಾಗಿ ಸಂಬಂಧ ಇದೆಯಾ?

ಉತ್ತರ, ಚರ್ಮ ವೈದ್ಯೆ: ಇದೆ. ಆ ಡಾಕ್ಟರು ಸರಿಯಾಗೇ ಕೇಳಿದ್ದಾರೆ. ನೋಡದೆ ಖಚಿತ ಹೇಳಲಾರೆ, ಆದರೆ ನೀವು ಹೇಳಿದ್ದು ಲೈಕನ್ ಸಿಂಪ್ಲೆಕ್ಸ್ ಅನ್ನುವ ಚರ್ಮದ ತೊಂದರೆ ಥರ ಇದೆ. ನವೆ ಬರುತ್ತದೆ, ಕೆರೆಯುತ್ತಾರೆ, ಕೆರೆದಷ್ಟೂ ಚರ್ಮ ದಪ್ಪ ಆಗುತ್ತದೆ, ದಪ್ಪ ಆದಲ್ಲಿ ನವೆ ಇನ್ನೂ ಜಾಸ್ತಿ. ಚಿಂತೆ ಇದ್ದಾಗ ಚರ್ಮದ ನರಗಳು ಬೇಗ ಕೆರಳುತ್ತವೆ, ಒಡೆದ ಚರ್ಮ ನಿಧಾನಕ್ಕೆ ಕೂಡುತ್ತದೆ. ಹಗಲು ಗೊತ್ತಾಗಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು: ರಾತ್ರಿ ಮನಸ್ಸಿಗೆ ಬೇರೆ ಕೆಲಸ ಇರಲ್ಲ, ಹೊದಿಕೆಯ ಒಳಗೆ ಮೈ ಬಿಸಿ ಆಗುತ್ತದೆ, ಉರಿಯೂತ ತಗ್ಗಿಸುವ ಕಾರ್ಟಿಸೋಲ್ ಹಾರ್ಮೋನ್ ಕೂಡ ಆ ಹೊತ್ತಿಗೆ ಇಳಿದಿರುತ್ತದೆ. ಹಾಗಂತ ಇದು ಸುಮ್ನೆ ಭ್ರಮೆ ಅಲ್ಲ. ನವೆ ನಿಜ, ಗಾಯ ನಿಜ.

ಮೊದಲು ಆ ಟ್ಯೂಬ್ ನಿಲ್ಲಿಸಿ. ಅಂಥ ಎಷ್ಟೋ ಟ್ಯೂಬಿನಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ, ಒಂದು ವೇಳೆ ಅದು ಹುಳಕಡ್ಡಿ ಆಗಿದ್ದರೆ ಇನ್ನಷ್ಟು ಹರಡುತ್ತದೆ. ಡಾಕ್ಟರು ಬರೆದ ಮುಲಾಮು ಹಚ್ಚಿ, ಮೇಲೆ ಹತ್ತಿ ಬಟ್ಟೆ ಸುತ್ತಿ ಮಲಗಲಿ. ನವೆ ಎದ್ದಾಗ ತಣ್ಣನೆ ಒದ್ದೆ ಬಟ್ಟೆ ಒತ್ತಲಿ. ಉಗುರು ಕತ್ತರಿಸಿ. ನಮ್ಮ ಮಲೆನಾಡಿನವರು ಹಂಡೆಯ ಕುದಿಯೋ ನೀರು ಹೊಯ್ದುಕೊಂಡು "ಹಾಯ್" ಅನ್ನುತ್ತಾರಲ್ಲ, ಆ ಸುಖ ಹತ್ತು ನಿಮಿಷದ್ದು, ಆಮೇಲೆ ಚರ್ಮ ಒಣಗಿ ನವೆ ದುಪ್ಪಟ್ಟು. ಮೈಯೆಲ್ಲ ನವೆ ಇದ್ದರೆ ಮಾತ್ರ ಶುಗರ್, ಥೈರಾಯ್ಡ್, ಲಿವರ್, ಕಿಡ್ನಿ ರಕ್ತಪರೀಕ್ಷೆ ಮಾಡಿಸಿ.

ಅರಸೀಕೆರೆಯಿಂದ ಒಬ್ಬರು: ಮೇಡಂ, ನಮ್ಮ ಯಜಮಾನರಿಗೆ ಸೋರಿಯಾಸಿಸ್, ಚರ್ಮ ಕೆಂಪಾಗಿ ಹೊಟ್ಟು ಉದುರುವ ಕಾಯಿಲೆ. ಮದುವೆ ಊಟಕ್ಕೆ ಕೂತರೆ ಪಕ್ಕದವರು ಎದ್ದು ಹೋಗುತ್ತಾರೆ. ಈಗ ಮನೆ ಬಿಟ್ಟು ಹೊರಗೇ ಬರಲ್ಲ. ಎದೆ ಬಡಿತಕ್ಕೆ ಅಂತ ಪ್ರೊಪ್ರನಾಲಾಲ್ ಬೇರೆ ತೆಗೆದುಕೊಳ್ಳುತ್ತಾರೆ.

ವೈದ್ಯೆ: ಸೋರಿಯಾಸಿಸ್ ಅಂಟುವುದಿಲ್ಲ, ಎದ್ದು ಹೋದವರಿಗೆ ನೇರವಾಗೇ ಹೇಳಿ. ಆ ಮಾತ್ರೆಯಿಂದ ಕೆಲವರಿಗೆ ಸೋರಿಯಾಸಿಸ್ ಜಾಸ್ತಿ ಆಗುತ್ತದೆ. ನೀವಾಗೇ ನಿಲ್ಲಿಸಬೇಡಿ, ಬರೆದ ಡಾಕ್ಟರಿಗೆ ತಿಳಿಸಿ. ಹೊರಗೇ ಬರಲ್ಲ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಈ ಕಾಯಿಲೆ ಇರುವವರಲ್ಲಿ ಖಿನ್ನತೆ ಜಾಸ್ತಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೂಡಿಗೆರೆಯವರು: ಅಕ್ಕನಿಗೆ ಹೇಗೆ ಹೇಳೋದು ಮೇಡಂ? ಮನಸ್ಸಿನ ಡಾಕ್ಟರು ಅಂದರೆ ಬರೋದೇ ಇಲ್ಲ.

ವೈದ್ಯೆ: ನಿದ್ದೆಗೆ ಏನಾದರೂ ಮಾಡಿಸೋಣ ಬಾ ಅನ್ನಿ. ಸುಳ್ಳೇನಲ್ಲ, ನಿದ್ದೆ ಸರಿ ಹೋದರೆ ಅರ್ಧ ಕೆರೆತ ಅಲ್ಲೇ ನಿಲ್ಲಬಹುದು. ಸಾಲದ ಮಾತು ಅಲ್ಲಿ ತಾನಾಗೇ ಬರುತ್ತದೆ.