ಸಹಾಯ ಬೇಕು: ಎಲೆಕ್ಟ್ರಿಕ್ ಕಾರಿಗೆ ಹೀಟ್ ಪಂಪ್ ಬೇಕೇ ಬೇಕಾ?

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲೂ ದಿನಾ ಓಡಿಸಲು ಎಲೆಕ್ಟ್ರಿಕ್ ಕಾರು ನೋಡುತ್ತಿದ್ದೇವೆ. ಅಮ್ಮನಿಗೆ ಮಂಡಿನೋವು, ಚಳಿ ತಾಗಿದರೆ ಕಾಲು ಮಡಚಲೂ ಕಷ್ಟ. ಹಾಗಾಗಿ ನನಗೆ ರೇಂಜ್‌ಗಿಂತ (ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ) ಕಾರಿನ ಒಳಗೆ ಬೆಚ್ಚಗಿರುವುದೇ ಮುಖ್ಯ.

ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಬಿಸಿಯೇ ಹೀಟರಿಗೆ ಸಿಗುತ್ತದೆ. ಇಲ್ಲಿ ಎಲ್ಲ ಬ್ಯಾಟರಿಯಿಂದಲೇ ಬರಬೇಕು, ಅಲ್ವಾ? ಮಾಮೂಲಿ ಹೀಟರ್ 1 ಯೂನಿಟ್ ಕರೆಂಟಿಗೆ ಹೆಚ್ಚೆಂದರೆ 1 ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯಿಂದಲೂ ಶಾಖ ಎಳೆದುಕೊಂಡು 2-3 ಯೂನಿಟ್ ಕೊಡಬಲ್ಲದು. ಆದರೆ ಚಳಿ ಜಾಸ್ತಿಯಾದಷ್ಟೂ ಈ ಲಾಭ ಇಳಿಯುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಓಡಿಸಿದವರು ದಯವಿಟ್ಟು ಹೇಳಿ, ಆಗ ನಿಜವಾಗಿ ಎಷ್ಟು ವ್ಯತ್ಯಾಸ ಕಾಣುತ್ತದೆ?

ಇನ್ನು ಸೀಟ್ ಹೀಟರ್. ಒಂದು ಸೀಟಿಗೆ ಸುಮಾರು 50ರಿಂದ 100 ವ್ಯಾಟ್ ಸಾಕು, ಇಡೀ ಕ್ಯಾಬಿನ್‌ಗೆ ಕಿಲೋವ್ಯಾಟ್‌ಗಟ್ಟಲೆ ಬೇಕು. ಆದರೆ ಬೆನ್ನು ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಅಮ್ಮನಿಗೆ ಏನು ಪ್ರಯೋಜನ? ಹಿಂದಿನ ಸೀಟಿಗೂ ಹೀಟರ್, ಕಾಲಿನ ಹತ್ತಿರವೂ ಬಿಸಿಗಾಳಿ ಬರುವ ಕಾರು ಯಾರಾದರೂ ಬಳಸುತ್ತಿದ್ದೀರಾ?

ಚಾರ್ಜರ್ ತೆಗೆಯುವ ಮುಂಚೆಯೇ ಕಾರು ಬಿಸಿ ಮಾಡಿಕೊಳ್ಳುವವರು ಎಷ್ಟು ನಿಮಿಷ ಮೊದಲು ಆನ್ ಮಾಡುತ್ತೀರಿ ಅನ್ನುವುದನ್ನೂ ತಿಳಿಸಿ.