ಅಪ್‌ಡೇಟ್: ಸೇವಂತಿಗೆ ಸಸಿಗಳ ಕಪಾಟಿನಲ್ಲಿ ಎಲ್‌ಇಡಿ ಬಣ್ಣ ಬದಲಾವಣೆ

ಧಾರವಾಡದ ನಮ್ಮ ಮನೆಯಲ್ಲಿ ಸೇವಂತಿಗೆ ಸಸಿಗಳಿಗಾಗಿ ಮಾಡಿಸಿದ ಕಪಾಟಿನಲ್ಲಿ 450 ನ್ಯಾನೊಮೀಟರ್ ತರಂಗಾಂತರದ ನೀಲಿ, 660ರ ಕೆಂಪು ಮತ್ತು 730ರ ಅತಿಗೆಂಪು ಅಂಚಿನ ಎಲ್‌ಇಡಿ ಸಾಲುಗಳನ್ನು ಒಂದೇ ಸ್ಥಿರ ಕರೆಂಟ್ ಡ್ರೈವರಿನಿಂದ (ಎಲ್‌ಇಡಿಗೆ ಹರಿಯುವ ಕರೆಂಟನ್ನು ಒಂದೇ ಪ್ರಮಾಣದಲ್ಲಿಡುವ ಸಾಧನ) ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಬದಲಿಸುವಾಗ ಕೆಂಪು ಎಲ್‌ಇಡಿಗಳೇ ಏಕೆ ಸುಡುತ್ತಿವೆ ಎಂದು ಕೇಳಿದ್ದೆ. ಕಾರಣ ತಿಳಿಯಿತು. ರಿಲೇ ಒಂದು ಸಾಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವಿನ ಕ್ಷಣದಲ್ಲಿ ಡ್ರೈವರಿಗೆ ಲೋಡ್ ಇರುವುದಿಲ್ಲವಾದ್ದರಿಂದ ಅದರ ವೋಲ್ಟೇಜ್ ಗರಿಷ್ಠ ಮಟ್ಟಕ್ಕೇರಿ, ಕೆಪಾಸಿಟರಿನಲ್ಲಿ ತುಂಬಿದ ಚಾರ್ಜ್ ಮುಂದಿನ ಸಾಲಿನ ಮೇಲೆ ಒಮ್ಮೆಲೇ ಹರಿಯುತ್ತದೆ. ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕಾದರೆ ಕೆಂಪಿಗೆ 2 ವೋಲ್ಟಿನ ಆಸುಪಾಸು ಸಾಕಾಗುವುದರಿಂದ ಪೆಟ್ಟು ಕೆಂಪಿಗೇ ಹೆಚ್ಚು ಬೀಳುತ್ತಿತ್ತು.

ಈಗ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಡ್ರೈವರ್ ಹಾಕಿ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅವುಗಳ ಡಿಮ್ಮಿಂಗ್ ತಂತಿಗೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಪಿಡಬ್ಲ್ಯುಎಂ ಸಂಕೇತ (ವೇಗವಾಗಿ ಆನ್-ಆಫ್ ಆಗುವ ಸಂಕೇತ) ಕೊಡುತ್ತಿದ್ದೇನೆ. ಸಾಲುಗಳು ಎಂದೂ ಡ್ರೈವರಿನಿಂದ ಕಳಚುವುದಿಲ್ಲ. ಖರ್ಚು ಹೆಚ್ಚಾಯಿತು, ಆದರೆ ಬೇರೆ ದಾರಿ ನನಗೆ ಒಪ್ಪಿಗೆಯಾಗಲಿಲ್ಲ. ಕರೆಂಟ್ ಹೋಗಿ ಬಂದಾಗ ವೇಳಾಪಟ್ಟಿ ತಪ್ಪದಂತೆ ಬ್ಯಾಟರಿಯುಳ್ಳ ಗಡಿಯಾರದ ಮಾಡ್ಯೂಲ್ ಒಂದನ್ನೂ ಜೋಡಿಸಿದ್ದೇನೆ.

ಪ್ರೋಗ್ರಾಮಿನಲ್ಲಿ ಇನ್ನೊಂದು ಕಟ್ಟುಪಾಡು ಅಗತ್ಯವಾಯಿತು. ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗು ಬಿಡುವ ಗಿಡವಾದ್ದರಿಂದ ನಡುರಾತ್ರಿ ಕೆಂಪು ಬೆಳಕು ಕೊಟ್ಟು ಅದನ್ನು ಎಲೆಯ ಬೆಳವಣಿಗೆಯಲ್ಲೇ ಇರಿಸಬಹುದು. ಅದರ ಬೆನ್ನಿಗೇ 730ರ ಬೆಳಕು ಬಿದ್ದರೆ ಗಿಡದಲ್ಲಿ ಬೆಳಕನ್ನು ಗುರುತಿಸುವ ಫೈಟೊಕ್ರೋಮ್ ಎಂಬ ವರ್ಣಕ ಮರಳಿ ಮೊದಲಿನ ರೂಪಕ್ಕೆ ಬಂದು ಕೆಂಪಿನ ಪರಿಣಾಮ ಅಳಿಯುತ್ತದೆ. ಹೀಗಾಗಿ 730ರ ಸಾಲು ರಾತ್ರಿಯಿಡೀ ಆರಿರುವಂತೆ ಮಾಡಿದ್ದೇನೆ.