ಅಟ್ಟದಲ್ಲಿ ಬಾವಲಿ ಇದೆ, ಹಂಚು ಕೈಯಾಡಿಸೋ ಮುಂಚೆ ಓಡಿಸ್ಬಹುದಾ?

ಪ್ರಶ್ನೆ (ಶಿರಸಿ ಕಡೆಯಿಂದ): ಎಲ್ರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸ್ವಲ್ಪ ಒಳಗೆ ಹಳೇ ಹಂಚಿನ ಮನೆ, ಮಾವನವರ ಅಪ್ಪ ಕಟ್ಸಿದ್ದು. ಅಟ್ಟದಲ್ಲಿ ಬಾವಲಿ ಸೇರ್ಕೊಂಡಿದೆ, ತೋಟಕ್ಕೆ ಬರೋ ದೊಡ್ಡದಲ್ಲ, ಸಣ್ಣವು, ಬೆಂಕಿಪೊಟ್ಟಣದಷ್ಟು ಇರ್ಬಹುದು. ಹಗಲು ಕಾಣೋದಿಲ್ಲ ಆದ್ರೆ ಗೋಡೆ ತಲೆ ಹತ್ರ ಚೀಂ ಚೀಂ ಅಂತ ಕೇಳತ್ತೆ, ಬೆಳಿಗ್ಗೆ ಎದ್ರೆ ಜಗಲಿ ತುಂಬ ಹಿಕ್ಕೆ, ವಾಸನೆ ಬೇರೆ. ಈ ಮೇ ಕೊನೇಲಿ ಮಗನ ಉಪನಯನ ಇಟ್ಕೊಂಡಿದ್ದೀವಿ, ಅದಕ್ಕೆ ಮುಂಚೆ ಹಂಚು ಕೈಯಾಡಿಸ್ಬೇಕು, ಅಂದ್ರೆ ತೆಗೆದು ಸರಿಯಾಗಿ ಹೊದಿಸ್ಬೇಕು, ಸೋಮವಾರ ಕೆಲಸದವ್ರು ಬರ್ತಾರೆ. ಅವ್ರು ಹೇಳೋದು ಹೊಗೆ ಹಾಕಿ ಓಡ್ಸಿ ಸಂದಿಗೆಲ್ಲ ಸಿಮೆಂಟ್ ಮೆತ್ತಿಬಿಡೋಣ ಅಂತ. ಅತ್ತೆಗೆ ಮನಸ್ಸಿಲ್ಲ, ಶುಭಕಾರ್ಯದ ಮನೇಲಿ ಜೀವ ತೆಗೆಯೋದು ಬೇಡ ಅಂತಿದ್ದಾರೆ. ಕೊಲ್ಲದೆ ಕಳಿಸೋ ದಾರಿ ಇದ್ಯಾ?

ಉತ್ತರ: ಅಕ್ಕ, ದಾರಿ ಇದೆ, ಆದ್ರೆ ಸೋಮವಾರ ಅಲ್ಲ. ನಾನು ಮಾಡಿನ ಕೆಲಸ ಮಾಡೋನು, 15 ವರ್ಷದಿಂದ ಬಾವಲಿ ಸೇರಿದ ಮನೆಗಳನ್ನೂ ನೋಡ್ತಾ ಇದ್ದೀನಿ, ನಿಮ್ಮ ಅತ್ತೆ ಹೇಳಿದ್ದು ಸರಿ. ನಮ್ಮ ಕಡೆ ಹಂಚು ಕೈಯಾಡಿಸೋದು ಏಪ್ರಿಲ್ ಮೇನಲ್ಲಿ, ಬಹಳ ಜಾತಿಯ ಸಣ್ಣ ಬಾವಲಿ ಮರಿ ಹಾಕೋದೂ ಬೇಸಿಗೆ ಮತ್ತೆ ಮಳೆಗಾಲದ ಶುರುವಲ್ಲೇ. ಹುಟ್ಟಿದ ಮರಿಗೆ ಕೂದಲಿಲ್ಲ, ಗುಲಾಬಿ ಬಣ್ಣದ ತೊಗಲು ಅಷ್ಟೇ, ಹಾರೋಕೆ ಕಲಿಯೋ ತನಕ ನಾಲ್ಕೈದು ವಾರ ತಾಯಿ ಹಾಲೇ ಗತಿ. ತಾಯಿ ರಾತ್ರಿ ಹುಳ ಹಿಡಿಯೋಕೆ ಹೊರಗೆ ಹೋದಾಗ ನೀವು ಸಂದಿ ಮುಚ್ಚಿದ್ರೆ ಮರಿ ಒಳಗೇ ಸಾಯತ್ತೆ.

ಇದನ್ನ ನಾನು ಕೇಳಿ ಹೇಳ್ತಿಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ಸಿದ್ದಾಪುರ ಕಡೆ ಒಂದು ಮನೇಲಿ ಮೇ ತಿಂಗಳಲ್ಲೇ ರಾತ್ರಿ ಎಲ್ಲ ಹೊರಗೆ ಹೋದ್ಮೇಲೆ ಸಂದಿ ಮುಚ್ಚಿದೆ, ಒಂದನ್ನೂ ಕೊಲ್ಲದೆ ಕೆಲಸ ಮುಗಿಸಿದೆ ಅಂತ ಸಮಾಧಾನ ಆಗಿತ್ತು. ಮೂರನೇ ದಿನ ಮನೆಯವ್ರು ಫೋನ್ ಮಾಡಿ ವಾಸನೆ ತಡೆಯೋಕಾಗ್ತಿಲ್ಲ ಅಂದ್ರು, ಹೋಗಿ ಹಂಚು ತೆಗೆದು ನೋಡಿದ್ರೆ ಪಕಾಸಿನ (ಮಾಡಿನ ಇಳಿಜಾರು ಮರ) ಮಗ್ಗುಲಲ್ಲಿ 11 ಮರಿ ಸತ್ತು ಒಣಗಿದ್ವು, ಹೊರಗಡೆ ತಾಯಂದಿರು ಮೂರು ರಾತ್ರಿ ಗೋಡೆಗೆ ಬಡ್ಕೊಂಡಿದ್ದ ಗುರುತು ಸುಣ್ಣದ ಮೇಲೆ ಇತ್ತು. ಅವತ್ತಿಂದ ಬೇಸಿಗೇಲಿ ಯಾರು ಎಷ್ಟು ದುಡ್ಡು ಕೊಡ್ತೀನಿ ಅಂದ್ರೂ ಸಂದಿ ಮುಚ್ಚಲ್ಲ.

ಈಗ ನಿಮ್ಮ ಉಪನಯನದ ಮಾತು. ಸೋಮವಾರ ಕೆಲಸದವ್ರಿಗೆ ಹೇಳಿ ಹಂಚು ಕೈಯಾಡಿಸ್ಲಿ, ಒಡೆದಿದ್ದು ಬದಲಾಯಿಸ್ಲಿ, ಆದ್ರೆ ಬಾವಲಿ ಇರೋ ಆ ಗೋಡೆ ತಲೆಯ ಸಾಲನ್ನ ಮುಟ್ಟೋದು ಬೇಡ. ಹೊಗೆಯಂತೂ ಬೇಡವೇ ಬೇಡ, ಹಾರೋಕೆ ಬರೋದು ದಿಕ್ಕು ತಪ್ಪಿ ಮನೆಯೊಳಗೆ ಬರತ್ತೆ, ಹಾರೋಕೆ ಬಾರದ್ದು ಅಲ್ಲೇ ಉಸಿರುಕಟ್ಟಿ ಸಾಯತ್ತೆ. ಅಟ್ಟದಿಂದ ಜಗಲಿಗೆ ಹಿಕ್ಕೆ ಬೀಳೋ ಜಾಗಕ್ಕೆ ಒಳಗಡೆಯಿಂದ ತಾಡಪಾಲು ಕಟ್ಟಿ, ಮುಚ್ಚಿಗೆ ಹಲಗೆ ಸಂದಿಗೆ ಒಳಬದಿಯಿಂದ ಪಟ್ಟಿ ಹೊಡೀರಿ, ಅಷ್ಟಾದ್ರೆ ನೆಂಟರ ತಲೆ ಮೇಲೆ ಏನೂ ಬೀಳಲ್ಲ.

ಪ್ರಶ್ನೆ (ಅದೇ ಅಕ್ಕ): ಓದಿ ಕಣ್ಣಲ್ಲಿ ನೀರು ಬಂತು, ಅತ್ತೆಗೂ ಓದಿ ಹೇಳಿದೆ. ಸರಿ ಕಾಯ್ತೀವಿ. ಆದ್ರೆ ಅದು ಬಾವಲಿ ಹಿಕ್ಕೆನೇ ಅಂತ ಹೇಗೆ ಗೊತ್ತಾಗತ್ತೆ, ಇಲಿನೂ ಇದೆ ಮನೇಲಿ. ಮತ್ತೆ ಯಾವಾಗ, ಏನ್ ಮಾಡ್ಬೇಕು ಬಿಡಿಸಿ ಹೇಳಿ.

ಉತ್ತರ: ಒಂದು ಕಾಳು ತಗೊಂಡು ಕಡ್ಡೀಲಿ ಒತ್ತಿ ನೋಡಿ. ಹುಳ ತಿನ್ನೋ ಬಾವಲಿದಾದ್ರೆ ಪುಡಿಪುಡಿ ಆಗತ್ತೆ, ಹುಳದ ರೆಕ್ಕೆ ಚೂರು ಮಿಣಮಿಣ ಹೊಳೆಯತ್ತೆ. ಇಲಿದು ಗಟ್ಟಿ, ಪುಡಿ ಆಗಲ್ಲ. ಹಲ್ಲಿದಾದ್ರೆ ತುದೀಲಿ ಬಿಳಿ ಇರತ್ತೆ. ಗುಡಿಸೋವಾಗ ಒಣಗಿದ್ದನ್ನ ಗುಡಿಸ್ಬೇಡಿ, ಧೂಳು ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಒಂಥರಾ ಬೂಷ್ಟಿನ ರೋಗ ಬರೋ ಸಾಧ್ಯತೆ ಇದೆ, ನೀರು ಚಿಮುಕಿಸಿ, ಎನ್ 95 ಮಾಸ್ಕ್ ಹಾಕ್ಕೊಂಡು ತೆಗೀರಿ, ಆಮೇಲೆ ತೋಟದ ಗೊಬ್ಬರಗುಂಡಿಗೆ ಹಾಕಿ, ಒಳ್ಳೆ ಗೊಬ್ಬರ.

ಮಾಡೋ ಕಾಲ ನವೆಂಬರ್‌ನಿಂದ ಜನವರಿ. ನಂಗೊತ್ತು, ಅದು ಅಡಿಕೆ ಕೊಯ್ಲು, ಒಬ್ಬ ಆಳೂ ಸಿಗಲ್ಲ ಅಂತ ಎಲ್ರೂ ಬೈತಾರೆ. ಆದ್ರೆ ಈ ಕೆಲಸದ ಮುಕ್ಕಾಲು ಭಾಗಕ್ಕೆ ಆಳೇ ಬೇಡ, ಮನೆಯವ್ರೇ ಮಾಡೋದು. ಮೊದ್ಲು ಎರಡು ಮೂರು ಸಂಜೆ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಸೂರ್ಯ ಮುಳುಗಿದ ಮೇಲೆ ಅರ್ಧ ತಾಸು ನೋಡಿ, ಯಾವ ಸಂದಿಯಿಂದ ಎಷ್ಟು ಹೊರಗೆ ಬಂತು ಎಣಿಸಿ ಬರ್ಕೊಳ್ಳಿ, ಒಬ್ರು ಒಂದು ಮೂಲೆಗೆ ಕೂರ್ಬೇಕು. ಅರ್ಧ ಇಂಚಿನ ಸಂದಿ ಸಾಕು ಈ ಸಣ್ಣವಕ್ಕೆ. ಹಗಲು ಟಾರ್ಚ್ ಹಿಡಿದು ಮರಿ ಇಲ್ಲ ಅಂತ ಒಂದ್ಸಲ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಕೆಲವು ಜಾತಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕತ್ತೆ, ತಿಂಗಳು ನೋಡಿ ಮಾತ್ರ ನಂಬೋ ಹಾಗಿಲ್ಲ.

ಆಮೇಲೆ ಅವು ಹೆಚ್ಚು ಬಳಸೋ ಒಂದೆರಡು ದಾರಿ ಬಿಟ್ಟು ಉಳಿದ ಸಂದಿ ಮುಚ್ಚಿ. ಬಿಟ್ಟ ದಾರಿಗೆ 2 ಇಂಚಿನ ಪಿವಿಸಿ ಪೈಪಿನ 10 ಇಂಚಿನ ತುಂಡು ಕೂರಿಸಿ, ಹೊರಗಿನ ತುದಿ ಕೆಳಗೆ ಇಳಿಜಾರಾಗಿ ಇರ್ಬೇಕು. ಒಳಗಿಂದ ಜಾರಿ ಹೊರಗೆ ಬರತ್ತೆ, ಪೈಪ್ ನುಣ್ಣಗಿರೋದ್ರಿಂದ ಉಗುರು ಹಿಡಿಯಲ್ಲ, ವಾಪಸ್ ಹತ್ತೋಕಾಗಲ್ಲ, ಅಷ್ಟೇ ಉಪಾಯ. ಪಕಾಸಿನ ಬಾಯಿ ಉದ್ದಕ್ಕೂ ಸಂದಿ ಇದ್ರೆ ಪೈಪ್ ಕೂರಲ್ಲ, ಅಲ್ಲಿ ಕಿಟಕಿಗೆ ಹಾಕೋ ಸೊಳ್ಳೆ ಜಾಳಿಗೆ ಪರದೆ ಹಾಗೆ ಇಳಿಬಿಡಿ, ಮೇಲೆ ಮತ್ತೆ ಎರಡು ಬದಿ ಮೊಳೆ ಹೊಡೀರಿ, ಕೆಳಗೆ ಮಾತ್ರ ಬಿಟ್ಟಿರಿ, ಸಂದಿಯಿಂದ ಎರಡು ಅಡಿ ಕೆಳಗೆ ಬರ್ಲಿ. ಮೀನಿನ ಬಲೆ ಕಟ್ಬೇಡಿ, ಕಣ್ಣು ದೊಡ್ಡದು, ರೆಕ್ಕೆ ಸಿಕ್ಕಿಹಾಕ್ಕೊಂಡು ಹರಿದು ಹೋಗತ್ತೆ. ಒಂದು ವಾರ ಹಾಗೇ ಬಿಡಿ, ಮಳೆ ಬಂದ ರಾತ್ರಿಯನ್ನ ಲೆಕ್ಕಕ್ಕೆ ಹಿಡೀಬೇಡಿ, ಜೋರು ಮಳೇಲಿ ಅವು ಹೊರಗೇ ಬರಲ್ಲ. ಮತ್ತೆ ಎರಡು ಸಂಜೆ ಕೂತು ಒಂದೂ ಬರ್ಲಿಲ್ಲ ಅಂದ್ರೆ ಪೈಪ್ ತೆಗೆದು ಮುಚ್ಚಿ. ಸಿಮೆಂಟ್ ಮೆತ್ತೋದಕ್ಕಿಂತ ಕಾಲು ಇಂಚು ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿ, ಹಂಚಿನ ಮಾಡಿಗೆ ಗಾಳಿ ಆಡ್ಲೇಬೇಕು, ಇಲ್ಲಾಂದ್ರೆ ನಮ್ಮ ಮಳೆಗೆ ಪಕಾಸು ಲಡ್ಡಾಗತ್ತೆ.

ಪ್ರಶ್ನೆ (ಅಂಕೋಲಾದಿಂದ): ಅಷ್ಟೆಲ್ಲ ಯಾಕೆ ಸರ್, ಡಾಂಬರು ಗುಳಿಗೆ ಕಟ್ಟಿ ತೂಗ್ಬಿಟ್ರೆ ಸಾಕಲ್ವಾ? ಆನ್‌ಲೈನಲ್ಲಿ ಶಬ್ದ ಮಾಡೋ ಮೆಷಿನ್ ಕೂಡ ಬಂದಿದೆ.

ಉತ್ತರ: ಅಣ್ಣ, ಅಟ್ಟದಷ್ಟು ದೊಡ್ಡ ಜಾಗಕ್ಕೆ ಬಾವಲಿ ಹೆದರೋವಷ್ಟು ಗುಳಿಗೆ ಹಾಕಿದ್ರೆ ಕೆಳಗೆ ಮಲಗೋ ಮಕ್ಕಳಿಗೇ ಮೊದ್ಲು ತಲೆನೋವು, ವಾಂತಿ. ಗುಳಿಗೆ ಕರಗಿದ ಮೇಲೆ ಬಾವಲಿ ವಾಪಸ್. ಮೆಷಿನ್ ಹಾಕಿದ ಮೂರು ಮನೆಗೆ ನಾನೇ ಹೋಗಿದ್ದೀನಿ, ಒಂದ್ಕಡೆ ಮೆಷಿನ್ ಪಕ್ಕದ ರೀಪಿಗೇ ನೇತಾಡ್ತಾ ಇದ್ವು. ಅಂಟಿನ ಹಾಳೆ ಮಾತ್ರ ಯಾರೂ ಇಡ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ.

ಪ್ರಶ್ನೆ (ಕಾರವಾರದಿಂದ): ನಮ್ಮದು ಆರ್‌ಸಿಸಿ ಮನೆ. ನಿನ್ನೆ ರಾತ್ರಿ ಒಂದು ಬೆಡ್‌ರೂಮಿಗೇ ಬಂತು. ಅಮ್ಮ ಅಪಶಕುನ ಅಂತಾರೆ, ಹೆಂಡತಿ ನಿಫಾ ವೈರಸ್ ಅಂತ ಹೆದರ್ಕೊಂಡಿದ್ದಾಳೆ. ಏನ್ ಮಾಡ್ಬೇಕಿತ್ತು?

ಉತ್ತರ: ಮೊದ್ಲು ಫ್ಯಾನ್ ಆಫ್ ಮಾಡಿ, ಒಳಗೆ ಬಂದ ಬಾವಲಿ ಫ್ಯಾನಿಗೆ ಬಡಿದು ಸಾಯ್ಬಹುದು. ಒಳಗಿನ ಬಾಗಿಲು ಹಾಕಿ, ಹೊರಗಿನ ಕಿಟಕಿ ಪೂರ್ತಿ ತೆಗೆದು, ಲೈಟ್ ಆರಿಸಿ ನೀವು ಹೊರಗೆ ಬನ್ನಿ, ಸಾಮಾನ್ಯವಾಗಿ ಕಾಲು ತಾಸಲ್ಲಿ ಹೋಗಿರತ್ತೆ. ಪೊರಕೆ ತಗೊಂಡು ಅಟ್ಟಿಸ್ಬೇಡಿ. ನೆಲಕ್ಕೆ ಬಿದ್ದಿದ್ರೆ ಮೇಲೆ ಡಬ್ಬಿ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಕತ್ತಲಾದ ಮೇಲೆ ಮರದ ಕಾಂಡಕ್ಕೆ ಆಳೆತ್ತರದಲ್ಲಿ ಹತ್ತಿಸಿ, ಬಹಳಷ್ಟು ಬಾವಲಿಗೆ ನೆಲದಿಂದ ಹಾರೋದು ಕಷ್ಟ. ಬರಿಗೈಲಿ ಮುಟ್ಟೋದು ಬೇಡ. ಕಚ್ಚಿದ್ರೆ, ಪರಚಿದ್ರೂ, ಸೋಪು ಹಾಕಿ 15 ನಿಮಿಷ ಹರಿಯೋ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ವಿಷಯ ಕೇಳಿ, ನಾಳೆ ನೋಡೋಣ ಅನ್ಬೇಡಿ.

ನಿಫಾ ಅಂದ್ರೆ 2018ರಲ್ಲಿ ಕೇರಳದ ಕೋಯಿಕ್ಕೋಡಲ್ಲಿ ಬಂತಲ್ಲ, ಅದು ಆಲದ ಮರ ಅಶ್ವತ್ಥ ಮರದಲ್ಲಿ ನೇತಾಡೋ ದೊಡ್ಡ ಹಣ್ಣುಬಾವಲಿಗೆ ಸಂಬಂಧಪಟ್ಟಿದ್ದು. ಅದು ಕಚ್ಚಿ ಬಿಟ್ಟ ಪೇರಲ, ಮಾವು ತಿನ್ಬೇಡಿ. ನಿಮ್ಮ ಮನೆಗೆ ಬಂದಿದ್ದು ಸಣ್ಣದಾದ್ರೆ ಅದು ದೀಪದ ಹುಳದ ಹಿಂದೆ ಬಂದಿದ್ದು. ಅಮ್ಮನವರಿಗೆ ಹೇಳಿ, ರಾತ್ರಿ ಅದು ತಿನ್ನೋದು ಸೊಳ್ಳೆ, ಪತಂಗ, ಗದ್ದೆಗೆ ಬರೋ ಹುಳ. ನಮ್ಮ ಜಿಲ್ಲೆ ದಾಟಿದ್ರೆ ಖಾನಾಪುರದ ಭೀಮಗಡ ಕಾಡಲ್ಲಿ ಬಾರಾಪೆಡೆ ಗುಹೆ ಇದೆ, ರಾಟನ್ ಹೆಸರಿನ ಅಪರೂಪದ ಬಾವಲಿ ಮೊದ್ಲು ಸಿಕ್ಕಿದ್ದೇ ಅಲ್ಲಿ, ನಮ್ಮ ಪಕ್ಕದಲ್ಲೇ ಇಂಥದ್ದಿದೆ ಅಂತ ನಂಗೆ ಹೆಮ್ಮೆ. ವನ್ಯಜೀವಿ ಕಾನೂನಲ್ಲಿ ಹಣ್ಣುಬಾವಲಿನ ಬಹಳ ವರ್ಷ ಇಲಿ ಕಾಗೆ ಜೊತೆ ಉಪದ್ರವಿ ಪಟ್ಟೀಲಿ ಇಟ್ಟಿದ್ರು, 2022ರ ತಿದ್ದುಪಡೀಲಿ ಆ ಪಟ್ಟಿಯನ್ನೇ ತೆಗೆದ್ರು.

ಪ್ರಶ್ನೆ (ಯಲ್ಲಾಪುರದಿಂದ): ನಮ್ಮ ತೋಟದಲ್ಲಿ ಬಾವಲಿ ಹಣ್ಣಡಿಕೆ ಕಿತ್ಕೊಂಡು ಹೋಗತ್ತೆ, ಅದಕ್ಕೇನು ಮಾಡ್ಲಿ?

ಉತ್ತರ: ಅದು ಸಿಪ್ಪೆ ಚೀಪಿ ಅಡಿಕೆ ಬೀಳ್ಸತ್ತೆ ಅಷ್ಟೇ. ಕೂರೋ ಮರ ಗುರುತು ಮಾಡಿ ಬೆಳಿಗ್ಗೆ ಹೆಕ್ಕಿ, ನಮ್ಮನೇಲಿ ಆಯಿ ಬುಟ್ಟಿ ಹಿಡ್ಕೊಂಡು ದಿನಾ ಹೋಗ್ತಿದ್ರು, ಗೋಟು ಅಡಿಕೆ ಜೊತೆ ಒಣಗಿಸ್ತಿದ್ರು.

ಶಿರಸಿ ಅಕ್ಕ: ನಿನ್ನೆ ಸಂಜೆ ಮಕ್ಕಳು, ಅತ್ತೆ ಎಲ್ಲ ಅಂಗಳದಲ್ಲಿ ಕೂತು ಎಣಿಸಿದ್ವಿ, 7.10ರಿಂದ 7.35ರ ಒಳಗೆ 43. ಎಲ್ಲ ಪಡುವಣ ಮೂಲೆಯ ಒಂದೇ ಸಂದಿಯಿಂದ ಬಂತು. ಕೆಲಸದವ್ರಿಗೆ ಹೇಳಿದ್ದೀನಿ ಆ ಸಾಲು ಬಿಡಿ ಅಂತ. ತಾಡಪಾಲು ತಂದಾಯ್ತು.

ಉತ್ತರ: ಒಂದೇ ಸಂದಿ ಆದ್ರೆ ಒಂದೇ ಪೈಪ್ ಸಾಕು ಅಕ್ಕ. ಆ 43 ಕ್ಯಾಲೆಂಡರಲ್ಲಿ ಬರೆದಿಡಿ, ದೀಪಾವಳಿ ಆದ್ಮೇಲೆ ಮತ್ತೆ ಎಣಿಸಿ ಇಲ್ಲೇ ಹೇಳಿ, ಮರಿಯೂ ಹಾರೋಕೆ ಕಲಿತಿದ್ರೆ ಲೆಕ್ಕ ಜಾಸ್ತಿ ಆಗಿರತ್ತೆ. ಪೈಪ್ ಕೂರಿಸೋ ದಿನ ನಾನೇ ಬರ್ತೀನಿ.